‘ಕೈ’ ಅನ್ನುವ ಕೂಗು

“ಕಣ್ಣು ಎಲ್ಲಿಟ್ಕೊಂಡಿದ್ಯೇ ಮುಂಡೇದೆ? ರಕ್ತದ ಬಟ್ಟೆ ಗಂಟು ತಗೊಂಡೋಗಿ ಬಿಸಿನೀರಿಗೆ ಹಾಕಿದ್ದೀಯಲ್ಲ, ನಿಮ್ಮಪ್ಪ ಬಂದು ಹೊಸದು ಕೊಡಿಸ್ತಾನಾ?”

ಮೇಸ್ತ್ರಿಯ ಕೋಲಿನ ತುದಿಯಲ್ಲಿ ಒಂದು ಬೆಡ್‌ಶೀಟು ಹಬೆಯಾಡುತ್ತಾ ನೇತಾಡುತ್ತಿತ್ತು. ತೊಟ್ಟಿಗೆ ಬೀಳುವಾಗ ಕೆಂಪಗಿದ್ದ ಕಲೆ ಈಗ ಕಂದು ಬಣ್ಣಕ್ಕೆ ತಿರುಗಿ ನೂಲಿನೊಳಗೆ ಕೂತುಬಿಟ್ಟಿತ್ತು. ಇನ್ನು ಅದು ಯಾವ ಸೋಪಿಗೂ ಬಗ್ಗುವುದಿಲ್ಲ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ಶೆಡ್ಡಿಗೆ ಹೊಸದಾಗಿ ಯಾರು ಬಂದರೂ ಮೊದಲು ಕಲಿಯುವ ಪಾಠ ಒಂದೇ: ರಕ್ತಕ್ಕೆ ತಣ್ಣೀರು. ಅದನ್ನು ಮರೆಯುವವರು ಹೊಸಬರು ಮಾತ್ರ. ಇಣಚಿ ಹೊಸಬಳಲ್ಲ. ಶಾಲೆಗೆ ರಜೆ ಸಿಕ್ಕಾಗಲೆಲ್ಲ ತಣ್ಣೀರಿನ ತೊಟ್ಟಿಯಲ್ಲಿ ಮೊಣಕೈವರೆಗೆ ಮುಳುಗಿ ಬೆಳೆದವಳು.

ಅವಳು ಬೈಸಿಕೊಳ್ಳುತ್ತಿರುವುದು ತಾನಲ್ಲ, ಪಕ್ಕದಲ್ಲಿ ಇನ್ಯಾರೋ ಎಂಬಂತೆ ನಿಂತಿದ್ದಳು. ಪೆನ್ನು, ಬಾಟಲಿಯ ಮುಚ್ಚಳ, ಏಪ್ರನ್ನಿನ ದಾರ, ಸಿಕ್ಕಿದ್ದನ್ನೆಲ್ಲ ಹಲ್ಲಿನಲ್ಲಿ ಕೊರೆಯುವ ಹುಡುಗಿಗೆ ಚಿಕ್ಕಂದಿನಲ್ಲೇ ಅಂಟಿಕೊಂಡ ಹೆಸರು ಇಣಚಿ, ಅಂದರೆ ಅಳಿಲು. ಈಗಲೂ ಪೆನ್ನಿನ ಮುಚ್ಚಳ ಬಾಯಲ್ಲೇ ಇತ್ತು.

“ಬಿಡೋ ಮಾರಾಯ, ಪ್ರಬಂಧದ ಗುಂಗಲ್ಲಿದ್ದಾಳೆ ಹುಡುಗಿ,” ಬಾಯ್ಲರಿನ ಕಡೆಯಿಂದ ಚಿಕ್ಕಮ್ಮ ಕೂಗಿದಳು. ಬಾಯ್ಲರಿಗೆ ಬೆಂಕಿ ಹಾಕುವ ಅವಳು ಇಡೀ ಶೆಡ್ಡಿಗೇ ಚಿಕ್ಕಮ್ಮ. “ನೀನು ಹೊಸದಾಗಿ ಮದುವೆ ಆದಾಗ ಹೆಂಡ್ತಿ ಗುಂಗಲ್ಲಿ ಪ್ಯಾಂಟು ಅಂತ ದಿಂಬಿನ ಚೀಲಕ್ಕೆ ಕಾಲು ತೂರಿಸಿದ್ದು ಮರೆತೋಯ್ತಾ?”

ಹೆಂಗಸರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ.

“ಪ್ರಬಂಧ ಬರ್ದು ಕಿಸಿಯೋದು ಅಷ್ಟರಲ್ಲೇ ಇದೆ. ಸ್ಕಾಲರ್‌ಶಿಪ್ಪು ಬರ್ಲಿಲ್ಲ ಅಂದ್ರೆ ಸುಮ್ನೆ ರೋಲರ್‌ಗೆ ಬಂದು ನಿಂತ್ಕೊ. ನಿಮ್ಮವ್ವನ ಜಾಗ ಇನ್ನೂ ಹಾಗೇ ಇದೆ,” ಎಂದು ಕಲೆಯಾದ ಬಟ್ಟೆಯನ್ನು ಅವಳ ಕಾಲ ಬಳಿ ಎಸೆದ. “ತಗೊಂಡೋಗಿ ಮೆತ್ತೆಗೆ ಹಾಕು.”

ಕಲೆ ಕೂತ ಬೆಡ್‌ಶೀಟನ್ನು ಅಲ್ಲಿ ಯಾರೂ ಬಿಸಾಡುವುದಿಲ್ಲ. ಬಟ್ಟೆ ಮಡಿಸುವ ಮೇಜುಗಳ ಮೇಲೆ ಮೆತ್ತೆಯಾಗಿ ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಎಳೆದು ಬಿಗಿಯುತ್ತಾರೆ. ಮೇಲಿನಿಂದ ನೋಡಿದವರಿಗೆ ಎಲ್ಲ ಮೇಜೂ ಹಾಲಿನ ಹಾಗೆ ಬೆಳ್ಳಗೆ.

ಇಣಚಿ ಅದನ್ನು ಎತ್ತಿಟ್ಟು ಮತ್ತೆ ತಣ್ಣೀರಿನ ತೊಟ್ಟಿಗೆ ಕೈ ಇಳಿಸಿದಳು. ಮೊದಲು ಚಳಿ ಕಡಿಯುತ್ತದೆ, ಆಮೇಲೆ ನೋಯುತ್ತದೆ, ಆಮೇಲೆ ಬೆರಳು ಇವೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಮರಗಟ್ಟಿದ ಮೇಲೆ ಸುಖ. ಇತ್ತೀಚೆಗೆ ಅದು ಮೊಣಕೈಗೆ ನಿಲ್ಲದೆ ಒಳಕ್ಕೂ ಏರುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

*

ಸ್ಕಾಲರ್‌ಶಿಪ್ಪು ಶೆಡ್ಡಿನ ಧಣಿಯ ತಾಯಿಯ ಹೆಸರಿನದು. ಕೆಲಸಗಾರರ ಮಕ್ಕಳಲ್ಲಿ ಒಬ್ಬರಿಗೆ ಕಾಲೇಜಿನ ಪೂರ್ತಿ ಖರ್ಚು, ಹಾಸ್ಟೆಲ್ಲು, ಪುಸ್ತಕ. ಇಣಚಿಗೆ ರಸಾಯನಶಾಸ್ತ್ರದಲ್ಲಿ ಸೀಟು ಸಿಕ್ಕಿ ಆಗಿತ್ತು. ಫೀಸಿಗೆ ದಾರಿ ಇದೊಂದೇ. ಪ್ರಬಂಧ ಬರೆಯಬೇಕು, ಅದು ಧಣಿಯ ಸೊಸೆಗೆ ಒಪ್ಪಿಗೆಯಾಗಬೇಕು, ಸಮಾರಂಭದಲ್ಲಿ ಅದನ್ನು ಓದಬೇಕು. ಓದಿದ ಮೇಲೆ ಫೀಸು.

ಧಣಿಯ ಸೊಸೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು, ಬಿಸ್ಕತ್ತು ಕೊಟ್ಟರು, ಎರಡು ಹಾಳೆಯನ್ನು ಪೂರ್ತಿ ಓದಿದರು.

ಇಣಚಿ ರಕ್ತದ ಬಗ್ಗೆ ಬರೆದಿದ್ದಳು. ಬಿಸಿ ತಾಗಿದರೆ ರಕ್ತದ ಪ್ರೋಟೀನು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ನೂಲನ್ನು ಕಚ್ಚಿಕೊಳ್ಳುತ್ತದೆ; ಆ ಪಾಠವನ್ನು ಪುಸ್ತಕದಲ್ಲಿ ಓದಿದ ದಿನ ತಾನು ತರಗತಿಯಲ್ಲಿ ಒಬ್ಬಳೇ ನಕ್ಕೆ; ಹಾಗೆ ಕಚ್ಚಿಕೊಂಡಿದ್ದನ್ನು ಬಿಡಿಸುವ ದಾರಿ ಇದೆಯೇ ಎಂದು ಹುಡುಕುವುದು ತನ್ನ ಆಸೆ.

“ತುಂಬಾ ನೀಟಾಗಿದೆ ಪುಟ್ಟಾ,” ಎಂದರು ಮೇಡಂ. “ಆದ್ರೆ ಇದು ಸೈನ್ಸ್ ನೋಟ್ಸ್ ಆಯ್ತು. ಪ್ರಬಂಧ ಅಂದ್ರೆ ಸ್ಟ್ರಾಂಗ್ ಆಗಿರ್ಬೇಕು. ಓದ್ತಾ ಇದ್ದ ಹಾಗೆ ಗಂಟಲು ಕಟ್ಬೇಕು. ನಿನ್ನ ಕಷ್ಟ ಎಲ್ಲಿ ಇದರಲ್ಲಿ?”

“ಯಾವ ಕಷ್ಟ ಮೇಡಂ?”

“ಅಯ್ಯೋ, ನಿನಗಲ್ಲದೆ ಇನ್ಯಾರಿಗೆ ಇರುತ್ತೆ ಕಷ್ಟ!” ಮೇಡಂ ಪ್ರೀತಿಯಿಂದಲೇ ನಕ್ಕರು. “ತಂದೆ ಇಲ್ಲ ಅಲ್ವಾ? ಯಾವಾಗ ತೀರ್ಕೊಂಡ್ರು?”

“ಸತ್ತಿಲ್ಲ ಮೇಡಂ. ಲಾರಿ ಓಡಿಸ್ತಾರೆ. ಬೇರೆ ಸಂಸಾರ ಇದೆ.”

ಬರೆದುಕೊಳ್ಳಲು ಎತ್ತಿದ್ದ ಪೆನ್ನನ್ನು ಮೇಡಂ ಕೆಳಗಿಟ್ಟರು. “ಹಾಗಿದ್ರೆ ಅದನ್ನ ಬಿಡು. ಅದು ಕೆಲಸಕ್ಕೆ ಬರಲ್ಲ.” ಕಿಟಕಿಯ ಆಚೆ ನೋಡುತ್ತಾ ಒಂದು ಗಳಿಗೆ ಯೋಚಿಸಿದರು. “ಅಮ್ಮನ ಕೈ ಇದೆಯಲ್ಲ! ಅದನ್ನ ಬರಿ.”

ಹೊರಗೆ ಬಂದರೆ ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಂದ್ಲು?”

“ಅವ್ವನ ಕೈ ಬಗ್ಗೆ ಬರೀಬೇಕಂತೆ.”

“ಎಲಾ ಇವಳ! ಬೆರಳು ಇದ್ದಾಗ ಒಂದು ಗ್ಲೌಸು ಕೊಡೋಕಾಗ್ಲಿಲ್ಲ, ಹೋದ್ಮೇಲೆ ಕಥೆ ಬೇಕಂತಾ ಇವರಜ್ಜಿಗೆ?” ಎಂದು ಚಿಕ್ಕಮ್ಮ ಉಗುಳಿ, ಇಣಚಿಯ ಕೈಯಲ್ಲಿದ್ದ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಬಾಯಿಗೆ ಹಾಕಿಕೊಂಡಳು. “ಬಿಸ್ಕತ್ತು ಮಾತ್ರ ಚೆನ್ನಾಗಿದೆ, ಹಾಳಾದ್ದು.”

*

ಅವ್ವನ ಕೈ ಬಗ್ಗೆ ಬರೆಯಬೇಕಾದರೆ ರೋಲರಿನ ಬಗ್ಗೆ ಬರೆಯಬೇಕು, ರೋಲರಿನ ಬಗ್ಗೆ ಬರೆಯಬೇಕಾದರೆ ಕೂಗಿನ ಬಗ್ಗೆ ಬರೆಯಬೇಕು. ಇಣಚಿ ಹಾಗೇ ಬರೆದಳು, ಶಾಲೆಯಲ್ಲಿ ಪ್ರಯೋಗದ ವರದಿ ಬರೆದಷ್ಟೇ ಶಾಂತವಾಗಿ.

ರೋಲರ್ ಅಂದರೆ ಒಂದರ ಮೇಲೊಂದು ಮಲಗಿದ, ಒಳಗೆ ಹಬೆ ಓಡುವ ಎರಡು ಕಬ್ಬಿಣದ ಉರುಳೆಗಳು. ಒದ್ದೆ ಬೆಡ್‌ಶೀಟು ಈಚೆಯಿಂದ ಹೋಗಿ ಆಚೆ ಇಸ್ತ್ರಿಯಾಗಿ ಬರುತ್ತದೆ. ಬಟ್ಟೆ ಸುಕ್ಕಾಗಿ ಸಿಕ್ಕಿಕೊಂಡರೆ ಆಚೆ ಬದಿಯಲ್ಲಿರುವ ಮೇಸ್ತ್ರಿ ಲಿವರ್ ಎಳೆದು ಮೇಲಿನ ಉರುಳೆಯನ್ನು ಎತ್ತುತ್ತಾನೆ, ಈಚೆ ಬದಿಯ ಹೆಂಗಸರು ಕೈ ತೂರಿಸಿ ಸುಕ್ಕು ಬಿಡಿಸುತ್ತಾರೆ. ಲಿವರಿನ ಹತ್ತಿರ ನಿಂತವನಿಗೆ ಅವರ ಕೈ ಕಾಣುವುದಿಲ್ಲ. ಅದಕ್ಕೇ ಕೂಗು. ಉರುಳೆ ಇಳಿಸುವ ಮುಂಚೆ ಅವನು “ಕೈ!” ಎನ್ನಬೇಕು. ಎಲ್ಲರೂ ಎರಡೂ ಕೈಯನ್ನು ತಲೆಯ ಮೇಲೆ ಎತ್ತಬೇಕು. ಉರುಳೆಯ ಮೇಲಿಂದ ಅಷ್ಟೂ ಕೈ ಕಂಡ ಮೇಲೆ ಲಿವರ್ ಬಿಡುವುದು. ಉರುಳೆ ಕೂತ ಮೇಲೆ, ಕೂಗಿದವನೇ “ಇಳ್ಸಿ” ಎನ್ನಬೇಕು. ಬೇರೆ ಯಾರು ಹೇಳಿದರೂ ಇಳಿಸುವ ಹಾಗಿಲ್ಲ. ಇದನ್ನು ಯಾರು ಮಾಡಿದರೋ, ಯಾವ ಕಾಲದ್ದೋ. ರೋಲರಿನಿಂದ ದೂರ ಇದ್ದವರೂ, ಮೇಜಿನಲ್ಲಿ ಬಟ್ಟೆ ಮಡಿಸುವವರೂ, ತೊಟ್ಟಿಯವರೂ ಕೂಗು ಕೇಳಿದರೆ ಕೈ ಎತ್ತುತ್ತಿದ್ದರು. ಮೈಗೆ ಹಾಗೆ ಹತ್ತಿಬಿಟ್ಟಿತ್ತು. ಮನೆಯಲ್ಲಿ ಗಂಡ ಜೋರಾಗಿ ಸೀನಿದರೂ ತನ್ನ ಕೈ ಮೇಲೆ ಹೋಗುತ್ತದೆ ಎಂದು ಚಿಕ್ಕಮ್ಮ ಹೇಳಿ ನಗಿಸುತ್ತಿದ್ದಳು.

ಒಂದು ದಿನ ಧಣಿ ದೊಡ್ಡ ಹೋಟೆಲಿನವರನ್ನು ಶೆಡ್ಡು ತೋರಿಸಲು ಕರೆತಂದ. ಅವರು ಒಳಗೆ ಕಾಲಿಟ್ಟಾಗಲೇ ಕೂಗು ಎದ್ದಿತು, ಎಲ್ಲರ ಕೈಯೂ ಮೇಲೆ ಹೋಯಿತು. ಬಂದವರಲ್ಲಿ ಒಬ್ಬ ಕಿಸಕ್ಕೆಂದ. ಅವರು ಹೋದ ಮೇಲೆ ಧಣಿ ಮೇಸ್ತ್ರಿಯನ್ನು ಎಲ್ಲರೆದುರು ನಿಲ್ಲಿಸಿಕೊಂಡ. “ಏನೋ ಇದು ಬೋಳಿಮಗನೆ, ಕಳ್ಳರನ್ನ ಹಿಡಿದ ಹಾಗೆ? ಬಂದೋರ ಮುಂದೆ ನನ್ನ ಮಾನ ಹೋಯ್ತು. ಇವತ್ತಿಂದ ಈ ಕಿರುಚಾಟ ಕೇಳಿಸ್ಬಾರ್ದು. ಒಂದು ದೀಪ ಹಾಕಿಸ್ತೀನಿ, ದೀಪ ನೋಡ್ಕೊಂಡು ಕೆಲಸ ಮಾಡ್ಲಿ.”

ಕೂಗು ನಿಂತಿತು. ದೀಪ ಬರಲಿಲ್ಲ. ಅವ್ವ ಸುಕ್ಕು ಬಿಡಿಸುತ್ತಿದ್ದಾಗ ಮೇಸ್ತ್ರಿ ಲಿವರ್ ಬಿಟ್ಟ.

ಬಲಗೈಯ ಮೂರು ಬೆರಳು. ಅವ್ವನ ಕೈಗೆ ಸುತ್ತಿದ್ದ ಬೆಡ್‌ಶೀಟನ್ನು ಚಿಕ್ಕಮ್ಮ ಗಾಬರಿಯಲ್ಲಿ ಬಿಸಿನೀರಿಗೆ ಎಸೆದಳು. ಜೀವಮಾನದಲ್ಲಿ ತಾನು ಮಾಡಿದ ಅದೊಂದೇ ತಪ್ಪು ಎಂದು ಈಗಲೂ ಹಳಹಳಿಸುತ್ತಾಳೆ. ಕಲೆ ಕೂತಿತು. ವಾಡಿಕೆಯಂತೆ ಅದೂ ಮೆತ್ತೆಯಾಗಿ ಮೂಲೆಯ ದೊಡ್ಡ ಮೇಜಿನ ಮೇಲೆ ಹೋಯಿತು. ಗಾಯ ಮಾಗಿದ ಮೇಲೆ ಧಣಿ ದಯೆಯಿಟ್ಟು ಅವ್ವನನ್ನು ಬಟ್ಟೆ ಮಡಿಸಲು ಇಟ್ಟುಕೊಂಡ. ಅದೇ ಮೇಜಿಗೆ. ಬಿಳಿ ಬಟ್ಟೆಯ ಕೆಳಗೆ ಏನಿದೆ ಎಂದು ಅವ್ವನಿಗೂ ಗೊತ್ತು, ಎಲ್ಲರಿಗೂ ಗೊತ್ತು.

ಮೇಡಂ ಈ ಸಲ ಓದುತ್ತಾ ಎರಡು ಸಲ ಕಣ್ಣು ಮುಚ್ಚಿಕೊಂಡರು.

“ಈಗ ನೋಡು, ಜೀವ ಬಂತು. ಆದ್ರೆ ಈ ಕೂಗು ನಿಲ್ಸಿದ್ದು, ದೀಪ, ಇದೆಲ್ಲ ಬೇಡ. ಓದೋರಿಗೆ ಗೊಂದಲ ಆಗುತ್ತೆ.”

“ಇನ್ನೂ ಬಿಡಿಸಿ ಬರೀಲಾ ಮೇಡಂ?”

“ಬೇಡ ಬೇಡ. ‘ಆಯಾಸದಿಂದ ಅಮ್ಮನ ಕೈ ಜಾರಿತು’ ಅಂತ ಮಾಡು. ಸರಳವಾಗಿರುತ್ತೆ. ನೋಡು ಪುಟ್ಟಾ, ದೂರೋ ಹುಡುಗಿ ಯಾರಿಗೂ ಇಷ್ಟ ಆಗಲ್ಲ. ಬಿದ್ದು ಎದ್ದು ನಿಲ್ಲೋ ಹುಡುಗಿ ಎಲ್ಲರಿಗೂ ಇಷ್ಟ.” ಹಾಳೆ ತಿರುವಿ ಮತ್ತೆ ಮುಂದೆ ಮಾಡಿದರು. “ಮತ್ತೆ ನೀನು ಎಲ್ಲೂ ಅತ್ತೇ ಇಲ್ವಲ್ಲ? ಆವತ್ತು ಅತ್ತಿರ್ತೀಯ.”

ಇಣಚಿ ನೆನಪು ಮಾಡಿಕೊಂಡಳು. “ಇಲ್ಲ ಮೇಡಂ. ನೆಲ ಒರೆಸಿದೆ.”

ಮೇಡಂ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು.

“ಅತ್ತೆ ಅಂತ ಹಾಕು,” ಎಂದರು.

*

ಮನೆಯೆಂದರೆ ಒಂದು ಕೋಣೆ. ಅವ್ವ ಎಡಗೈಯಲ್ಲಿ ಪಾತ್ರೆ ಉಜ್ಜುತ್ತಿದ್ದಳು, ಬಲಗೈಯ ಉಳಿದೆರಡು ಬೆರಳು ಪಾತ್ರೆಯ ಅಂಚನ್ನು ಏಡಿಯ ಹಾಗೆ ಹಿಡಿದಿದ್ದವು. ಇಣಚಿ ಮೂರನೆಯ ಸಲ ಬರೆದಿದ್ದನ್ನು ಓದಿದಳು. ಅದರಲ್ಲಿ ಅವ್ವನ ಕೈ ಜಾರಿತ್ತು. ಇಣಚಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಧಣಿ ದೇವರ ಹಾಗೆ ಬಂದಿದ್ದ.

“ಚೆನ್ನಾಗೈತೆ,” ಎಂದಳು ಅವ್ವ, ತಲೆ ಎತ್ತದೆ.

“ನಿನ್ನ ಕೈ ಜಾರಿತಾ ಅವ್ವ?”

“ಜಾರಿತು ಅಂತ ಬರಿಯೇ. ಜಾರಿತು ಅಂದ್ರೂ ಮೂರೇ ಬೆರಳು, ಜಜ್ಜಿದ್ರು ಅಂದ್ರೂ ಮೂರೇ ಬೆರಳು. ಅದಕ್ಕೆ ಬದಲು ನೀನಾದ್ರೂ ಆ ಶೆಡ್ಡಿಂದ ಆಚೆ ಬೀಳು.”

“ಎಲ್ಲರ ಮುಂದೆ ಓದ್ಬೇಕು. ಚಿಕ್ಕಮ್ಮ ಎಲ್ಲಾ ಇರ್ತಾರೆ.”

“ಇರ್ಲಿ. ಅವರಿಗೇನು ಗೊತ್ತಿಲ್ವಾ?” ಅವ್ವ ಪಾತ್ರೆ ಕವುಚಿಟ್ಟು ಮಗಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. “ನೋಡು, ನೀನು ಆ ರೋಲರ್ ಮುಂದೆ ಹೋಗಿ ನಿಂತ ದಿನ ನಾನು ಈ ಇನ್ನೊಂದು ಕೈನೂ ಅದರೊಳಗೆ ತೂರಿಸ್ತೀನಿ. ತಿಳೀತಾ? ಈಗ ಉಣ್ಣು.”

ಇಣಚಿ ಉಂಡಳು.

*

ಸಮಾರಂಭ ಶೆಡ್ಡಿನಲ್ಲೇ. ಕೆಲಸಗಾರರ ನಡುವೆಯೇ ಆಗಬೇಕೆಂದು ಮೇಡಂ ಹಟ ಹಿಡಿದಿದ್ದರು. ಹಿಂದಿನ ದಿನವೇ ಯಂತ್ರ ನಿಲ್ಲಿಸಿ, ನೆಲ ತೊಳೆದು, ರೋಲರಿನ ಮುಂದೆ ವೇದಿಕೆ ಕಟ್ಟಿದರು. ಮುಖ್ಯರು ಕೂರಲು ಉದ್ದದ ಮೇಜು ಬೇಕಾಯಿತು. ಅಷ್ಟು ಉದ್ದದ್ದು ಒಂದೇ ಇತ್ತು.

“ಆ ಮೂಲೇದು ಎತ್ಕೊಂಡು ಬನ್ರೋ,” ಎಂದ ಮೇಸ್ತ್ರಿ. ಎಂದ ಮೇಲೆ ತಾನೇ ಒಂದು ಕ್ಷಣ ತಡೆದ. ಮಾತು ಆಡಿ ಆಗಿತ್ತು, ಗಂಡಸರು ಮೇಜು ಎತ್ತಿಯೂ ಆಗಿತ್ತು. ಹಳೆಯ ಬಿಳಿ ಬಟ್ಟೆ ಬಿಚ್ಚಿ ಹೋಟೆಲಿನ ಹೊಳೆಯುವ ಮೇಜುಬಟ್ಟೆಯನ್ನು ಸರಸರನೆ ಹೊದಿಸಿದ. ಆ ಎರಡು ಬಟ್ಟೆಯ ನಡುವಿನ ಗಳಿಗೆಯಲ್ಲಿ ಹೆಂಗಸರೆಲ್ಲ ಬೇರೆ ಕಡೆ ನೋಡಿದರು.

ಅವ್ವನಿಗೆ ಮೇಡಂ ವೇದಿಕೆ ಹತ್ತಿಸಿ ಅಭ್ಯಾಸ ಮಾಡಿಸಿದರು. ಅವ್ವ ಹತ್ತಿ ಬಂದಳು, ಬಲಗೈ ಏಪ್ರನ್ನಿನ ಜೇಬಿನಲ್ಲಿ.

“ಅಮ್ಮಾ, ಕೈ ಹೊರಗಿರ್ಲಿ. ಫೋಟೋದಲ್ಲಿ ಕಾಣ್ಬೇಕಲ್ಲ.”

ಅವ್ವ ತೆಗೆದಳು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೈ ತಾನಾಗಿ ಜೇಬಿಗೆ ಹೋಯಿತು. ಮತ್ತೆ ಮೊದಲಿಂದ.

“ಜೇಬು ಹೊಲಿದುಬಿಡ್ಲಾ ಮೇಡಂ?” ಎಂದು ಚಿಕ್ಕಮ್ಮ ಕೆಳಗಿನಿಂದ ಕೇಳಿದಳು. ಅದು ವ್ಯಂಗ್ಯ ಎಂದು ಮೇಡಂಗೆ ತಿಳಿಯಲಿಲ್ಲ. “ಒಳ್ಳೆ ಐಡಿಯಾ,” ಎಂದರು. ಅವ್ವನ ಜೇಬಿನ ಬಾಯನ್ನು ಚಿಕ್ಕಮ್ಮನೇ ಹೊಲಿಯಬೇಕಾಯಿತು. ಹೊಲಿಯುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ, ಒಂದು ಹಾಸ್ಯವನ್ನೂ ಮಾಡಲಿಲ್ಲ.

ಮರುದಿನ ಧಣಿ ಬಂದ, ಹೋಟೆಲಿನವರು ಬಂದರು, ಕ್ಯಾಮೆರಾದವನು ಬಂದ. ಒಗೆದ ಏಪ್ರನ್ ತೊಟ್ಟ ಕೆಲಸಗಾರರು ಬೆಂಚುಗಳಲ್ಲಿ ತುಂಬಿ ಕೂತರು. ಧಣಿ ಎದ್ದು ನಿಂತು ತನ್ನ ತಾಯಿಯ ಕರುಣೆಯ ಬಗ್ಗೆ ಮಾತಾಡಿದ. ಆಮೇಲೆ ಅವ್ವನನ್ನು ಪಕ್ಕಕ್ಕೆ ಕರೆದ.

“ಈ ತಾಯಿ ಒಂದು ಕ್ಷಣ ಮೈಮರೆತಳು. ಬೇರೆ ಮಾಲೀಕ ಆಗಿದ್ರೆ ಹೊರಗೆ ಹಾಕ್ತಿದ್ದ. ನಾವು ಬಿಡಲಿಲ್ಲ. ಎಲ್ಲಿ, ತೋರ್ಸಮ್ಮಾ ಕೈನ.”

ಅವ್ವ ಕೈ ಮುಂದೆ ಚಾಚಿದಳು. ಕ್ಯಾಮೆರಾದವನು ಇನ್ನೂ ಸ್ವಲ್ಪ ಮೇಲೆ ಎಂದು ಸನ್ನೆ ಮಾಡಿದ. ಅವ್ವ ಇನ್ನೂ ಸ್ವಲ್ಪ ಮೇಲೆ ಮಾಡಿದಳು.

“ಹೇಳಮ್ಮಾ, ಹೆದರಬೇಡ. ಯಾರ ತಪ್ಪು ಅದು?”

ಅವ್ವ ಬೆಂಚುಗಳ ಕಡೆ ನೋಡಿದಳು. ಮಗಳ ಕಡೆ ನೋಡಿದಳು.

“ನಂದೇ ಧಣಿ.”

“ನೋಡಿದ್ರಾ!” ಧಣಿ ಹೋಟೆಲಿನವರ ಕಡೆ ತಿರುಗಿದ. “ಈ ಪ್ರಾಮಾಣಿಕತೆ ಈಗ ಎಲ್ಲಿ ಸಿಗುತ್ತೆ ಹೇಳಿ?” ಅವರು ಚಪ್ಪಾಳೆ ತಟ್ಟಿದರು. ಬೆಂಚುಗಳಲ್ಲೂ ಕೆಲವರು ತಟ್ಟಿದರು, ಮೇಸ್ತ್ರಿ ನೋಡುತ್ತಿದ್ದಾನೆಂದು. ಅವ್ವನ ಕೈ ಜೇಬನ್ನು ಹುಡುಕಿ, ಹೊಲಿಗೆಗೆ ತಾಗಿ, ಸುಮ್ಮನೆ ಕೆಳಗೆ ಇಳಿಯಿತು.

ಇಣಚಿಯನ್ನು ಕರೆದರು. ಅವಳು ಮೇಜಿನ ತುದಿಯಲ್ಲಿ ನಿಂತು ಓದತೊಡಗಿದಳು. ಧ್ವನಿ ಸ್ಪಷ್ಟವಾಗಿತ್ತು, ಎಲ್ಲೂ ತಡವರಿಸಲಿಲ್ಲ. ಬಡತನ ಬಂತು, ಹೋಯಿತು. ಅವ್ವನ ಬೆವರು ಬಂತು, ಹೋಯಿತು. ಹೋಟೆಲಿನ ಒಬ್ಬಾಕೆ ಕರವಸ್ತ್ರ ತೆಗೆದಳು. ಮೇಡಂ ಇಣಚಿಯ ಕಡೆ ಸಣ್ಣಗೆ ತಲೆಯಾಡಿಸಿದರು, ಹೀಗೇ, ಹೀಗೇ ಎಂಬಂತೆ. ಇಣಚಿಗೆ ತನ್ನ ತುಟಿಯೂ ನಾಲಿಗೆಯೂ ತಣ್ಣೀರಿನ ತೊಟ್ಟಿಯಲ್ಲಿರುವ ಹಾಗೆ ಅನ್ನಿಸಿತು. ಅವು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಕೆಲಸ ಮಾತ್ರ ನಡೆಯುತ್ತಿತ್ತು.

“ಆ ದಿನ, ಆಯಾಸದಿಂದ...”

ಮುಂದಿನ ಪದ ಹಾಳೆಯ ಮೇಲಿತ್ತು. ಅವಳದೇ ದುಂಡು ಅಕ್ಷರ. ಅವಳು ಹಾಳೆಯಿಂದ ಕಣ್ಣು ಎತ್ತಿದಳು. ಧಣಿ ಆರಾಮಾಗಿ ಮುಂದಕ್ಕೆ ಬಾಗಿ ಕೂತಿದ್ದ, ಎರಡೂ ಅಂಗೈ ಮೇಜುಬಟ್ಟೆಯ ಮೇಲೆ ಹರಡಿಕೊಂಡು. ಆ ಬಟ್ಟೆಯ ಕೆಳಗೆ ಕಲೆ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಇಣಚಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಿತ್ತು. ಅವನ ಬಲಗೈ ಅದರ ನಡುಮಧ್ಯೆ ಇತ್ತು.

ಮೇಡಂ ಪಿಸುಗುಟ್ಟಿದರು: “ಪುಟ್ಟಾ, ಓದು.”

ಅವಳು ಹಾಳೆ ಕೆಳಗಿಟ್ಟಳು.

“ಕೈ!”

ಕೂಗು ತಗಡಿನ ಸೂರಿಗೆ ಬಡಿದು ಹಿಂದಕ್ಕೆ ಬಂತು. ಅದು ಹೊಸ ಗಂಟಲು, ಹೆಣ್ಣು ಗಂಟಲು. ಆದರೆ ಮೈಗೆ ಅದೆಲ್ಲ ಲೆಕ್ಕಕ್ಕಿಲ್ಲ. ಬೆಂಚುಗಳಿಂದ ಕೈಗಳು ಎದ್ದವು. ಮೊದಲು ರೋಲರಿನ ಹೆಂಗಸರದು, ಆಮೇಲೆ ತೊಟ್ಟಿಯವರದು, ಮಡಿಸುವವರದು. ಬಾಯ್ಲರಿನ ಹತ್ತಿರ ಚಿಕ್ಕಮ್ಮನ ಮಸಿ ಹಿಡಿದ ಕೈ. ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿಯ ಕೈಗಳೂ ಯಾರೋ ದಾರ ಕಟ್ಟಿ ಎಳೆದಂತೆ ಮೇಲೆ ಹೋದವು. ಅವನ ಬಾಯಿ ಅರ್ಧ ತೆರೆದುಕೊಂಡಿತ್ತು. ವೇದಿಕೆಯ ಮೇಲೆ ಅವ್ವ ಇದ್ದಳು. ಅವಳದು ಎಲ್ಲರಿಗಿಂತ ಕೊನೆಯಲ್ಲಿ ಎದ್ದಿತು, ಎರಡೂ, ತಲೆಗಿಂತ ಮೇಲೆ. ಏಳು ಬೆರಳು.

ಇಡೀ ಶೆಡ್ಡಿನಲ್ಲಿ ಧಣಿಯ ಕೈ ಮಾತ್ರ ಮೇಜಿನ ಮೇಲೆ ಉಳಿದಿತ್ತು. ಕೂಗು ನಿಲ್ಲಿಸಿದವನು ಅವನೇ, ಅದು ಯಾತಕ್ಕೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಇಣಚಿ ಮೇಜುಬಟ್ಟೆಯ ತುದಿ ಹಿಡಿದು ಎಳೆದಳು.

ಲೋಟಗಳು ಉರುಳಿದವು. ನೀರು ಮೆತ್ತೆಯ ಮೇಲೆ ಹರಿದು ಕಂದು ಕಲೆಯನ್ನು ತೋಯಿಸಿತು. ತಣ್ಣೀರೇ. ಕಲೆ ಕದಲಲಿಲ್ಲ. ಧಣಿ ಬಗ್ಗಿ ನೋಡಿ, ಬಿಸಿ ತಾಗಿದವನಂತೆ ಕೈ ಕಿತ್ತುಕೊಂಡ. ಅದು ಯಾರ ರಕ್ತ ಎಂದು ಅವನಿಗೆ ಅರ್ಥವಾಗಿದ್ದು ಬೆಂಚುಗಳಲ್ಲಿದ್ದವರ ಮುಖ ನೋಡಿ.

“ಏನೇ ಇದು? ಏಯ್ ಮೇಸ್ತ್ರಿ! ಇಳ್ಸ್ರೋ ಕೈನ! ಇಳ್ಸಿ ಅಂದೆ!”

ಯಾರೂ ಇಳಿಸಲಿಲ್ಲ. ಕೂಗಿದವರು ಹೇಳದೆ ಇಳಿಸುವ ಹಾಗಿಲ್ಲ.

ಮೇಡಂ ಎದ್ದು ನಿಂತು ಏನೋ ಹೇಳುತ್ತಿದ್ದರು, ಫೀಸು, ಕಾಲೇಜು, ಯೋಚನೆ ಮಾಡು ಪುಟ್ಟಾ ಎಂದೇನೋ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿಬಿಟ್ಟಿದ್ದ. ಅವ್ವ ಕೈ ಎತ್ತಿಕೊಂಡೇ ಮಗಳನ್ನು ನೋಡುತ್ತಿದ್ದಳು. ಆ ನೋಟ ಬೈಗುಳವೋ ಬೇರೆಯೋ ಇಣಚಿಗೆ ತಿಳಿಯಲಿಲ್ಲ. ಅವ್ವನ ಬೆನ್ನ ಹಿಂದೆ ಆರಿದ ರೋಲರಿನ ಎರಡು ಉರುಳೆಗಳ ನಡುವೆ ಒಂದು ಅಂಗೈ ಹೋಗುವಷ್ಟು ಕತ್ತಲೆ ಇತ್ತು.

ಎತ್ತಿದ ಕೈಗಳ ಒಳಗಿನ ರಕ್ತ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಬೆರಳ ತುದಿಗಳು ಬಿಳಿಚಿಕೊಂಡು ಮರಗಟ್ಟತೊಡಗಿದವು. ಭುಜಗಳು ನಡುಗಿದವು, ಯಾರದೋ ಕೈ ವಾಲಿ ಮತ್ತೆ ನೆಟ್ಟಗಾಯಿತು. ಎಲ್ಲರೂ ಇಣಚಿಯ ಬಾಯನ್ನೇ ನೋಡುತ್ತಿದ್ದರು.

ಅವಳು “ಇಳ್ಸಿ” ಎನ್ನಲಿಲ್ಲ.